ಬೆಣಚುಕಲ್ಲಿನೊಳಗಿನ ನೀಲಿ ಖನಿಜ: ಲಾಜುಲೈಟ್ ಹೌದೋ ಅಲ್ಲವೋ ಎಂದು ಮನೆಯಲ್ಲೇ ಪರೀಕ್ಷಿಸುವ ಬಗೆ

ಬಿಳಿಯ ಬೆಣಚುಕಲ್ಲಿನಲ್ಲಿ ನೀಲಿ ಮಚ್ಚೆಗಳಿರುವ ತುಂಡೊಂದರ ಫೋಟೊ ಕಳಿಸಿ ‘ಇದು ಲಾಜುಲೈಟ್ ಹೌದೇ?’ ಎಂದು ಕೇಳುವ ಓದುಗರು ಮತ್ತೆ ಮತ್ತೆ ಎದುರಾಗುತ್ತಾರೆ. ಕೆಲವರು ಆ ಕಲ್ಲನ್ನು ಆನ್‌ಲೈನ್‌ನಲ್ಲಿ ಕೊಂಡವರು, ಕೆಲವರು ಚಾರಣದ ದಾರಿಯಲ್ಲಿ ಕಂಡವರು, ಇನ್ನು ಕೆಲವರಿಗೆ ಅದು ಉಡುಗೊರೆಯಾಗಿ ಬಂದದ್ದು. ಫೋಟೊ ನೋಡಿ ಈ ಪ್ರಶ್ನೆಗೆ ಉತ್ತರಿಸಲಾಗುವುದಿಲ್ಲ. ನೀಲಿಯಾಗಿ ಕಾಣುವ ಖನಿಜಗಳು ಹತ್ತಾರಿವೆ, ಮೊಬೈಲ್ ಕ್ಯಾಮೆರಾ ಆ ನೀಲಿಗಳನ್ನೆಲ್ಲ ಹೆಚ್ಚುಕಡಿಮೆ ಒಂದೇ ಮಾಡಿಬಿಡುತ್ತದೆ. ಆದರೆ ಕಲ್ಲು ಕೈಯಲ್ಲಿರುವ ನೀವು ಒಂದು ಸಂಜೆ ಬಿಡುವು ಮಾಡಿಕೊಂಡರೆ, ಅಡುಗೆಮನೆಯ ಮೇಜಿನ ಮೇಲೆಯೇ ಹೆಚ್ಚಿನ ಅನುಮಾನಗಳನ್ನು ಪರಿಹರಿಸಿಕೊಳ್ಳಬಹುದು. ಅದಕ್ಕೆ ಒಂದೇ ಷರತ್ತು: ಬಣ್ಣವನ್ನು ಸಾಕ್ಷಿಗಳ ಸಾಲಿನಲ್ಲಿ ಕೊನೆಗೆ ನಿಲ್ಲಿಸಬೇಕು.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ, ಏಕೆಂದರೆ ಅರ್ಧಕ್ಕರ್ಧ ತಪ್ಪುಗಳು ಇಲ್ಲಿಂದಲೇ ಆರಂಭವಾಗುತ್ತವೆ. ಲಾಜುಲೈಟ್, ಲಾಜುರೈಟ್, ಅಜುರೈಟ್ ಎಂಬ ಮೂರು ಹೆಸರುಗಳ ಮೂಲವೂ ನೀಲಿಯನ್ನು ಸೂಚಿಸುವ ಪರ್ಷಿಯನ್ ಪದ. ಖನಿಜಗಳಾಗಿ ಮಾತ್ರ ಇವು ಮೂರಕ್ಕೂ ನೆಂಟಸ್ತಿಕೆಯಿಲ್ಲ. ಲಾಜುರೈಟ್ ಎಂಬುದು ಲ್ಯಾಪಿಸ್ ಲಾಜುಲಿಗೆ, ಅಂದರೆ ನಮ್ಮ ಹಳೆಯ ಗ್ರಂಥಗಳು ರಾಜಾವರ್ತವೆಂದು ಕರೆಯುವ ಕಲ್ಲಿಗೆ, ನೀಲಿ ಕೊಡುವ ಗಂಧಕಯುಕ್ತ ಸಿಲಿಕೇಟ್. ಅಫ್ಘಾನಿಸ್ತಾನದ ಬದಖ್ಶಾನ್ ಅದರ ಪ್ರಸಿದ್ಧ ನೆಲೆ. ಅಜುರೈಟ್ ತಾಮ್ರದ ಕಾರ್ಬೊನೇಟ್. ಲಾಜುಲೈಟ್ ಮೆಗ್ನೀಸಿಯಂ ಮತ್ತು ಅಲ್ಯುಮಿನಿಯಂಗಳ ಫಾಸ್ಫೇಟ್. ಇದಕ್ಕೆ 1795ರಲ್ಲಿ ಹೆಸರಿಟ್ಟವರು ಯುರೇನಿಯಂ ಕಂಡುಹಿಡಿದ ಜರ್ಮನ್ ರಸಾಯನಶಾಸ್ತ್ರಜ್ಞ ಮಾರ್ಟಿನ್ ಹೈನ್ರಿಖ್ ಕ್ಲಾಪ್ರೋಟ್. ಮೊದಲು ವರ್ಣಿಸಲಾದ ಮಾದರಿ ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದ ಕ್ರೀಗ್ಲಾಖ್ ಬಳಿಯದು. ಮಾರಾಟಗಾರರ ಚೀಟಿಯಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಖನಿಜವೇ ಬದಲಾಗುತ್ತದೆ. ‘ಲಾಜುಲಿ’ ಎಂದಷ್ಟೇ ಬರೆದಿದ್ದರೆ ಅದು ಬಹುತೇಕ ಲ್ಯಾಪಿಸ್ ಎಂದೇ ತಿಳಿಯಿರಿ.

ಈ ಖನಿಜ ಹುಟ್ಟುವ ರೀತಿಯನ್ನು ತಿಳಿದುಕೊಂಡರೆ ಮುಂದಿನ ಹಂತಗಳು ಸುಲಭವಾಗುತ್ತವೆ. ಪರ್ವತಗಳು ಏಳುವಾಗ ನೆಲದಾಳದ ಶಿಲೆಗಳು ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ, ಕರಗದೆಯೇ, ಘನರೂಪದಲ್ಲಿದ್ದುಕೊಂಡೇ ಹೊಸ ಖನಿಜಗಳಾಗಿ ಮಾರ್ಪಡುತ್ತವೆ. ಇವನ್ನೇ ರೂಪಾಂತರ ಶಿಲೆಗಳೆನ್ನುವುದು. ಆಗ ಶಿಲೆಯಿಂದ ಹೊರಬೀಳುವ ಬಿಸಿನೀರು ಸಿಲಿಕಾವನ್ನು ಹೊತ್ತು ಬಿರುಕುಗಳಲ್ಲಿ ಹರಿಯುತ್ತದೆ. ಆ ಸಿಲಿಕಾ ಬಿರುಕಿನಲ್ಲೇ ಬೆಣಚುಕಲ್ಲಾಗಿ ಕೂಡಿಕೊಂಡಾಗ ಉಂಟಾಗುವ ಬಿಳಿ ಪಟ್ಟಿಯೇ ಸಿರೆ. ಸುತ್ತಲಿನ ಶಿಲೆಯಲ್ಲಿ ಅಲ್ಯುಮಿನಿಯಂ ಧಾರಾಳವಾಗಿದ್ದು ಕ್ಯಾಲ್ಸಿಯಂ ತೀರ ಕಡಿಮೆಯಿದ್ದರೆ, ರಂಜಕಕ್ಕೆ, ಅಂದರೆ ಫಾಸ್ಫೇಟ್‌ನಲ್ಲಿರುವ ಫಾಸ್ಫರಸ್‌ಗೆ, ತನ್ನ ಎಂದಿನ ಜೊತೆಗಾರನಾದ ಕ್ಯಾಲ್ಸಿಯಂ ಸಿಗುವುದಿಲ್ಲ. ಸಿಕ್ಕಿದ್ದರೆ ಅದು ಸಾಮಾನ್ಯ ಖನಿಜವಾದ ಅಪಟೈಟ್ ಆಗುತ್ತಿತ್ತು. ಸಿಗದಾಗ ಅಲ್ಯುಮಿನಿಯಂ ಮತ್ತು ಮೆಗ್ನೀಸಿಯಂಗಳೊಡನೆ ಸೇರಿ ಲಾಜುಲೈಟ್ ಆಗುತ್ತದೆ. ಇಂಥ ಸನ್ನಿವೇಶ ಅಪರೂಪ, ಆದ್ದರಿಂದ ಖನಿಜವೂ ಅಪರೂಪ.

ಆಸ್ಟ್ರಿಯಾದ ಸಾಲ್ಸ್‌ಬುರ್ಗ್ ಪ್ರಾಂತದ ವೆರ್ಫೆನ್ ಸುತ್ತಲಿನ ಸಿರೆಗಳು, ಅಮೆರಿಕದ ಜಾರ್ಜಿಯಾ ರಾಜ್ಯದ ಗ್ರೇವ್ಸ್ ಪರ್ವತ ಇದರ ಹೆಸರಾಂತ ನೆಲೆಗಳು. ಕೆನಡಾದ ಯೂಕಾನ್ ಪ್ರಾಂತವಂತೂ 1976ರಲ್ಲಿ ಲಾಜುಲೈಟನ್ನು ತನ್ನ ಅಧಿಕೃತ ರತ್ನವೆಂದು ಘೋಷಿಸಿಕೊಂಡಿದೆ. ಆದರೆ ಅಲ್ಲಿನ ಸುಂದರ ಹರಳುಗಳು ಸಿಗುವುದು ಫಾಸ್ಫೇಟ್ ತುಂಬಿದ ಕಬ್ಬಿಣಯುಕ್ತ ಜಲಜ ಶಿಲೆಯ ಬಿರುಕುಗಳಲ್ಲಿ. ಆದ್ದರಿಂದ ಬೆಣಚುಕಲ್ಲಿನ ಸಿರೆಯಲ್ಲಿಲ್ಲದ ಮಾತ್ರಕ್ಕೆ ಲಾಜುಲೈಟ್ ಅಲ್ಲವೆಂದು ತಳ್ಳಿಹಾಕುವಂತಿಲ್ಲ. ಈ ಲೇಖನದ ಹಂತಗಳು ಮುಖ್ಯವಾಗಿ ಬೆಣಚುಕಲ್ಲಿನೊಳಗಿನ ಮಾದರಿಗಳಿಗೆ ಅನ್ವಯಿಸುತ್ತವೆ.

ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಅಕ್ಕಸಾಲಿಗರ ಲೆನ್ಸ್, 0.01 ಗ್ರಾಂವರೆಗೆ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ, ಒಂದು ಗಾಜಿನ ಲೋಟ, ನೀರು, ಹೊಲಿಗೆ ದಾರ, ಉಕ್ಕಿನ ಚಾಕು, ಗುರುತು ಖಚಿತವಿರುವ ಚೂಪಾದ ಬೆಣಚುಕಲ್ಲಿನ ಚೂರು, ಮೆರುಗು ಹಚ್ಚದ ಪಿಂಗಾಣಿಯ ತುಂಡು, ಹತ್ತಿಕಡ್ಡಿ ಮತ್ತು ಉಗುರುಬಣ್ಣ ತೆಗೆಯುವ ಅಸಿಟೋನ್. ಪಿಂಗಾಣಿಗಾಗಿ ಬೇರೆ ಖರ್ಚು ಮಾಡಬೇಕಿಲ್ಲ. ಪಿಂಗಾಣಿ ಕಪ್ಪಿನ ಅಡಿಯಲ್ಲಿ ಮೇಜಿಗೆ ತಾಗುವ ಒರಟು ಅಂಚು ಸಾಕು. ನೇರಳಾತೀತ ಟಾರ್ಚ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ತೊಳೆಯಿರಿ, ಬಣ್ಣ ಹಾಕಿದ್ದೇ ಎಂದು ನೋಡಿ

ಪಾತ್ರೆ ತೊಳೆಯುವ ಸೋಪು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕಲ್ಲನ್ನು ತೊಳೆದು ಪೂರ್ತಿ ಒಣಗಿಸಿ. ಈ ಹಂತದಲ್ಲಿ ಯಾವುದೇ ಆಮ್ಲ ಬಳಸಬೇಡಿ. ಕೈಯಲ್ಲಿರುವುದು ಅಜುರೈಟ್ ಆಗಿದ್ದರೆ, ಶೌಚಾಲಯ ತೊಳೆಯುವ ದ್ರವದಲ್ಲಿರುವ ಆಮ್ಲ ಅದನ್ನು ಕಣ್ಣೆದುರಿಗೇ ಕರಗಿಸಿಬಿಡುತ್ತದೆ.

ಒಣಗಿದ ಮೇಲೆ ಲೆನ್ಸ್ ಹಿಡಿದು ಬಿರುಕುಗಳನ್ನು ಗಮನಿಸಿ. ಬಣ್ಣ ಹಾಕಿದ ಕಲ್ಲಿನಲ್ಲಿ ನೀಲಿಯು ಬಿರುಕು ಮತ್ತು ರಂಧ್ರಗಳಲ್ಲಿ ದಟ್ಟವಾಗಿ ನಿಂತು, ನಡುವಿನ ಭಾಗದಲ್ಲಿ ತೆಳುವಾಗಿರುತ್ತದೆ. ನಿಜವಾದ ಖನಿಜದಲ್ಲಿ ನೀಲಿ ಕಣ ಎಲ್ಲಿ ಮುಗಿಯುತ್ತದೆ, ಬಿಳಿ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬಳಿಕ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಕಲ್ಲಿನ ಹಿಂಬದಿಗೆ ಉಜ್ಜಿ ನೋಡಿ. ಹತ್ತಿ ನೀಲಿಯಾದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಹತ್ತಿ ಬಿಳಿಯಾಗಿಯೇ ಉಳಿದರೆ ಬಣ್ಣ ಹಾಕಿಲ್ಲವೆಂದು ಅರ್ಥವಲ್ಲ, ಬಣ್ಣ ಬಿಡುತ್ತಿಲ್ಲವೆಂದಷ್ಟೇ ಅರ್ಥ. ಅಂಟು ತುಂಬಿಸಿ ನಯಗೊಳಿಸಿದ ಆಭರಣದ ಕಲ್ಲುಗಳ ಮೆರುಗನ್ನು ಅಸಿಟೋನ್ ಕೆಡಿಸಬಲ್ಲದು, ಅವುಗಳ ಮುಂಭಾಗಕ್ಕೆ ಅದನ್ನು ತಾಗಿಸಬೇಡಿ.

ಕಾದ ಸೂಜಿ ಚುಚ್ಚಿ ನೋಡಿ, ಬೆಂಕಿಯಲ್ಲಿ ಹಿಡಿದು ನೋಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಲಾಜುಲೈಟನ್ನು ಚೆನ್ನಾಗಿ ಕಾಯಿಸಿದರೆ ಅದು ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ, ಉಬ್ಬಿ ಪುಡಿಯಾಗುತ್ತದೆ. ಗುರುತು ಸಿಕ್ಕಿದರೂ ಕಲ್ಲು ಉಳಿಯುವುದಿಲ್ಲ.

ಹಂತ 2: ನೆರೆಹೊರೆಯನ್ನು ಓದಿ

ಅನುಭವಸ್ಥರು ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯುವುದು ಈ ಹಂತದಲ್ಲಿ. ಹೊಸಬರು ದಾಟಿಕೊಂಡು ಹೋಗುವುದೂ ಇದನ್ನೇ. ನೀಲಿ ಕಣವನ್ನು ಬಿಟ್ಟು ಅದರ ಸುತ್ತ ಏನೇನಿದೆ ಎಂದು ನೋಡಿ. ಲಾಜುಲೈಟ್ ಹುಟ್ಟುವುದು ಕ್ಯಾಲ್ಸಿಯಂ ಕಡಿಮೆಯಿರುವ, ಅಲ್ಯುಮಿನಿಯಂ ಹೆಚ್ಚಿರುವ ಕಡೆ ಎಂಬುದನ್ನು ಮೇಲೆ ಹೇಳಿದೆ. ಹಾಗಾಗಿ ಅದರ ಸಹವಾಸದಲ್ಲಿ ಸಾಮಾನ್ಯವಾಗಿ ಕಾಣುವವು ಬೆಣಚುಕಲ್ಲು, ಬೆಳ್ಳಿಯಂತೆ ಮಿನುಗುವ ಬಿಳಿ ಅಭ್ರಕ, ಕಯನೈಟ್, ಮುಟ್ಟಿದರೆ ಸೋಪಿನಂತೆ ಜಾರುವ ಪೈರೊಫಿಲೈಟ್ ಮತ್ತು ಕೆಂಪುಗಪ್ಪು ರೂಟೈಲ್. ಗ್ರೇವ್ಸ್ ಪರ್ವತದಲ್ಲಿ ಇವೆಲ್ಲ ಒಟ್ಟಿಗೇ ಸಿಗುತ್ತವೆ.

ಇದಕ್ಕೆ ಬದಲಾಗಿ ನೀಲಿಯ ಪಕ್ಕದಲ್ಲಿರುವ ಬಿಳಿ ಭಾಗ ಚಾಕುವಿನಿಂದ ಸುಲಭವಾಗಿ ಗೀರಿಸಿಕೊಂಡು, ಒಂದು ಹನಿ ವಿನೆಗರ್‌ಗೆ ಸಣ್ಣ ಗುಳ್ಳೆಗಳನ್ನು ಬಿಟ್ಟರೆ ಅದು ಬೆಣಚುಕಲ್ಲಲ್ಲ, ಕ್ಯಾಲ್ಸೈಟ್. ಅದರ ಜೊತೆಗೆ ಚಿನ್ನದಂತೆ ಹೊಳೆಯುವ ಪೈರೈಟ್ ಚುಕ್ಕೆಗಳೂ ಇದ್ದರೆ ನಿಮ್ಮ ಕೈಯಲ್ಲಿರುವುದು ಲ್ಯಾಪಿಸ್ ಎಂದೇ ಹೇಳಬಹುದು. ನೀಲಿಯೊಡನೆ ಹಸಿರು ಲೇಪ ಬೆರೆತಿದ್ದರೆ ತಾಮ್ರವನ್ನು ಅನುಮಾನಿಸಿ: ಹಸಿರು ಮ್ಯಾಲಕೈಟ್, ನೀಲಿ ಅಜುರೈಟ್.

ಕರ್ನಾಟಕದಲ್ಲಿ ಕಲ್ಲು ಕಂಡವರಿಗೆ ಎರಡು ಮಾತು. ಹೊಳೆನರಸೀಪುರ ಮತ್ತು ಸರಗೂರು ಸುತ್ತಿನ ಪುರಾತನ ರೂಪಾಂತರ ಶಿಲೆಗಳಲ್ಲಿ ಕಯನೈಟ್ ಇದೆ. ಅಲ್ಲಿ ಬೆಣಚುಕಲ್ಲಿನೊಳಗೆ ಪಟ್ಟಿ ಪಟ್ಟಿಯಾಗಿ ನೀಲಿ ಕಂಡರೆ ಮೊದಲು ಕಯನೈಟ್ ಎಂದೇ ಭಾವಿಸಿ, ಅಲ್ಲವೆಂದು ಸಾಬೀತಾಗುವ ತನಕ. ಕೋಲಾರದ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ನೈಸ್ ಎಂಬ ಶಿಲೆಯಲ್ಲಿ ನೀಲಿಬೂದು ಛಾಯೆಯ ಕಣಗಳು ಕಾಣುತ್ತವೆ. ಅವು ಬೆಣಚುಕಲ್ಲಿನವೇ, ಬೇರೆ ಖನಿಜವಲ್ಲ. ಕಾಡಿನಲ್ಲಿ ಕಂಡ ಕಲ್ಲನ್ನು ಎತ್ತಿಕೊಂಡು ಬರುವ ಮುನ್ನ ನೆನಪಿಡಬೇಕಾದ ಸಂಗತಿಯೊಂದಿದೆ: ಅರಣ್ಯ ಕಾನೂನಿನ ಪ್ರಕಾರ ಕಾಡಿನ ಕಲ್ಲು, ಖನಿಜಗಳೂ ಅರಣ್ಯ ಉತ್ಪನ್ನಗಳೇ. ಅನುಮತಿಯಿಲ್ಲದೆ ತರುವುದು ಅಪರಾಧ. ಫೋಟೊ ತೆಗೆದುಕೊಂಡು, ಜಾಗವನ್ನು ಬರೆದಿಟ್ಟುಕೊಂಡು, ಕಲ್ಲನ್ನು ಅಲ್ಲೇ ಬಿಡಿ.

ಗ್ರಾನೈಟ್ ಅಂಗಡಿಗಳಲ್ಲಿ ‘ಅಜುಲ್ ಮಕೌಬಾಸ್’ ಎಂಬ ಹೆಸರಿನ ನೀಲಿ ಚಪ್ಪಡಿಯನ್ನು ಕಂಡವರೂ ಇರಬಹುದು. ಅದು ಬ್ರೆಜಿಲ್‌ನ ಕ್ವಾರ್ಟ್ಜೈಟ್, ಅಂದರೆ ರೂಪಾಂತರಗೊಂಡ ಮರಳುಶಿಲೆ. ಅದರ ನೀಲಿಗೆ ಡುಮೋರ್ಟಿಯರೈಟ್, ಕಯನೈಟ್, ಲಾಜುಲೈಟ್‌ಗಳಂಥ ಖನಿಜಗಳು ಕಾರಣ. ಒಂದೇ ಚಪ್ಪಡಿಯಲ್ಲಿ ಇವು ಬೆರೆತಿರುವುದರಿಂದ ಅದರ ಚೂರನ್ನು ಶುದ್ಧ ಲಾಜುಲೈಟ್ ಎಂದು ಮಾರುವುದು ಸರಿಯಲ್ಲ.

ಹಂತ 3: ಆಕಾರ ಮತ್ತು ಸೀಳು

ಸೀಳು ಎಂದರೆ ಖನಿಜವು ಒಡೆದಾಗ ಕನ್ನಡಿಯಂತೆ ನಯವಾದ ಸಮತಲಗಳಲ್ಲಿ ಬಿಡಿಸಿಕೊಳ್ಳುವ ಗುಣ. ಲಾಜುಲೈಟ್‌ನಲ್ಲಿ ಸೀಳು ಅಸ್ಪಷ್ಟ. ಒಡೆದ ಮೈ ಏರುಪೇರಾಗಿರುತ್ತದೆ. ಹರಳು ಪೂರ್ತಿ ಬೆಳೆದಿದ್ದರೆ ಎರಡು ಪಿರಮಿಡ್‌ಗಳನ್ನು ಬುಡಕ್ಕೆ ಬುಡ ಸೇರಿಸಿದಂತೆ ಚೂಪಾಗಿ ಕಾಣುತ್ತದೆ. ಆದರೆ ಸಿರೆಗಳಲ್ಲಿ ಸಿಗುವುದು ಹೆಚ್ಚಾಗಿ ಆಕಾರವಿಲ್ಲದ ಕಣಗಳು ಮತ್ತು ಮುದ್ದೆಗಳು.

ಕಯನೈಟ್ ಇದಕ್ಕೆ ತದ್ವಿರುದ್ಧ. ಅದು ಉದ್ದನೆಯ ಚಪ್ಪಟೆ ಅಲಗುಗಳಾಗಿ ಬೆಳೆಯುತ್ತದೆ, ಉದ್ದಕ್ಕೂ ನಯವಾಗಿ ಸೀಳುತ್ತದೆ. ಕಣ ಅಲಗಿನಂತಿದ್ದರೆ, ಅದರ ಮೇಲೆ ಬೆಳಕು ಒಮ್ಮೆಲೇ ಫಳಕ್ಕೆಂದು ಹೊಳೆದರೆ ಲಾಜುಲೈಟ್‌ನ ಆಸೆ ಬಿಡಬಹುದು. ಡುಮೋರ್ಟಿಯರೈಟ್ ಸಾಮಾನ್ಯವಾಗಿ ಎಳೆಎಳೆಯಾಗಿ, ನಾರಿನಂತೆ ಕಾಣುತ್ತದೆ.

ಹೊಸ ಮೈ ನೋಡಲೆಂದು ಕಲ್ಲನ್ನು ಒಡೆಯುವುದಾದರೆ ಕಣ್ಣಿಗೆ ರಕ್ಷಣಾ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಬೆಣಚುಕಲ್ಲಿನ ಸಿಬಿರು ಗಾಜಿನ ಚೂರಿನಂತೆ ಹರಿತ. ಅದರ ನುಣುಪು ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಹಂತ 4: ಒರೆ ಹಚ್ಚಿ

ಚಿನ್ನವನ್ನು ಒರೆಗಲ್ಲಿಗೆ ಹಚ್ಚುವಂತೆಯೇ ಖನಿಜವನ್ನು ಪಿಂಗಾಣಿಗೆ ಉಜ್ಜಿ, ಉಳಿದ ಪುಡಿಯ ಬಣ್ಣ ನೋಡುವುದು ಒರೆ ಪರೀಕ್ಷೆ. ಲಾಜುಲೈಟ್ ಎಷ್ಟೇ ಗಾಢ ನೀಲಿಯಾಗಿದ್ದರೂ ಒರೆ ಬಿಳಿ. ಅಜುರೈಟ್ ಮತ್ತು ಲಾಜುರೈಟ್‌ಗಳ ಒರೆ ತಿಳಿನೀಲಿ. ಒರೆ ನೀಲಿಯಾಗಿ ಬಂದರೆ ಮುಂದಿನ ಹಂತಗಳ ಅಗತ್ಯವಿಲ್ಲ. ಬಿಳಿಯಾಗಿ ಬಂದರೆ ಮಾತ್ರ ಹಿಗ್ಗಬೇಡಿ. ನೀಲಿಯಾಗಿ ಕಾಣಬಲ್ಲ ಬೇರೆ ಖನಿಜಗಳಾದ ಕಯನೈಟ್, ಸೋಡಲೈಟ್, ಅಪಟೈಟ್ ಎಲ್ಲದರ ಒರೆಯೂ ಬಿಳಿಯೇ. ಇನ್ನೊಂದು ಎಚ್ಚರಿಕೆ: ನೀಲಿ ಕಣದ ಬದಲು ಪಕ್ಕದ ಬೆಣಚುಕಲ್ಲು ಪಿಂಗಾಣಿಗೆ ತಾಗಿದರೆ ಪಿಂಗಾಣಿಯೇ ಗೀರಿ ಬಿಳಿ ಪುಡಿ ಬರುತ್ತದೆ, ಅದನ್ನು ಒರೆಯೆಂದು ಎಣಿಸಬಾರದು.

ಹಂತ 5: ಗಡಸುತನ

ಖನಿಜಗಳ ಗಡಸುತನವನ್ನು 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಹೇಳುತ್ತಾರೆ. ಅಂಕಿ ಹೆಚ್ಚಿರುವುದು ಕಡಿಮೆ ಇರುವುದನ್ನು ಗೀರುತ್ತದೆ. ಲಾಜುಲೈಟ್ 5.5ರಿಂದ 6, ಬೆಣಚುಕಲ್ಲು 7, ಉಕ್ಕಿನ ಚಾಕು ಸುಮಾರು 5.5, ಅಜುರೈಟ್ 3.5ರಿಂದ 4. ಹೀಗಾಗಿ ಬೆಣಚುಕಲ್ಲಿನ ಮೊನೆ ಲಾಜುಲೈಟನ್ನು ನಿಸ್ಸಂದೇಹವಾಗಿ ಗೀರಬೇಕು. ಚಾಕು ಗೀರದೆ ಇರಬಹುದು ಅಥವಾ ಪ್ರಯಾಸದಿಂದ ಗೀರಬಹುದು. ಬೆಣಚುಕಲ್ಲು ಗೀರಲಾರದೆ ಸೋತರೆ ನಿಮ್ಮದು ಡುಮೋರ್ಟಿಯರೈಟ್, ನೀಲಿ ಟೂರ್ಮಲಿನ್ ಅಥವಾ ಬಣ್ಣ ಹಾಕಿದ ಬೆಣಚುಕಲ್ಲೇ ಆಗಿರಬಹುದು. ಕಯನೈಟ್ ಇಲ್ಲಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ: ಅಲಗಿನ ಉದ್ದಕ್ಕೆ ಗೀರಿದರೆ ಚಾಕು ಇಳಿಯುತ್ತದೆ, ಅಡ್ಡಕ್ಕೆ ಗೀರಿದರೆ ಇಳಿಯುವುದಿಲ್ಲ.

ಇಲ್ಲಿ ಎಲ್ಲರೂ ಮಾಡುವ, ನಾನೂ ಮಾಡಿರುವ ತಪ್ಪೊಂದಿದೆ. ಗಟ್ಟಿ ಕಲ್ಲಿನ ಮೇಲೆ ಚಾಕು ಎಳೆದಾಗ ಚಾಕುವೇ ಸವೆದು ಬೂದುಬಣ್ಣದ ಲೋಹದ ಗೆರೆ ಉಳಿಯುತ್ತದೆ. ಅದನ್ನು ಗೀರು ಎಂದು ಭಾವಿಸಿದರೆ ಗಟ್ಟಿ ಕಲ್ಲು ಮೆದುವಿನ ಲೆಕ್ಕಕ್ಕೆ ಸೇರುತ್ತದೆ. ಒದ್ದೆ ಬೆರಳಿನಿಂದ ಉಜ್ಜಿ, ಉಗುರಿನ ತುದಿ ಆಡಿಸಿ, ಲೆನ್ಸ್‌ನಲ್ಲಿ ನೋಡಿ. ನಿಜವಾದ ಗೀರಿನಲ್ಲಿ ಕುಳಿ ಇರುತ್ತದೆ. ಹಾಗೆಯೇ, ಹಳೆಯ ಪಠ್ಯಗಳು ಹೇಳುವ ‘ತಾಮ್ರದ ನಾಣ್ಯದ ಪರೀಕ್ಷೆ’ಯನ್ನು ನಮ್ಮ ಒಂದು, ಎರಡು ರೂಪಾಯಿ ನಾಣ್ಯಗಳಿಂದ ಮಾಡಬೇಡಿ, ಅವು ಸ್ಟೇನ್‌ಲೆಸ್ ಸ್ಟೀಲಿನವು.

ಹಂತ 6: ನೀರಿನಲ್ಲಿ ತೂಗಿ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಅತ್ಯಂತ ನಂಬಿಕೆಗೆ ಅರ್ಹವಾದದ್ದು ಇದು. ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂಬ ಸಂಖ್ಯೆಯೇ ಸಾಪೇಕ್ಷ ಸಾಂದ್ರತೆ.

ಮೊದಲು ಒಣಗಿದ ಕಲ್ಲನ್ನು ತೂಗಿ ಬರೆದುಕೊಳ್ಳಿ. ಬಳಿಕ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಗುಂಡಿ ಒತ್ತಿ ಸೊನ್ನೆಗೆ ತನ್ನಿ. ಲೋಟದ ಭಾರ ತಕ್ಕಡಿಯ ಮಿತಿಯೊಳಗಿರಬೇಕು. ಆದ್ದರಿಂದ ಹಗುರವಾದ ಪ್ಲಾಸ್ಟಿಕ್ ಲೋಟವಾದರೂ ಸರಿ. ಕಲ್ಲನ್ನು ದಾರಕ್ಕೆ ಕಟ್ಟಿ, ದಾರವನ್ನು ಕೈಯಲ್ಲೇ ಹಿಡಿದು, ಕಲ್ಲು ಪೂರ್ತಿ ಮುಳುಗುವಂತೆ ಆದರೆ ತಳಕ್ಕೂ ಗೋಡೆಗೂ ತಾಗದಂತೆ ಇಳಿಬಿಡಿ. ಆಗ ತಕ್ಕಡಿ ತೋರಿಸುವುದು ಕಲ್ಲು ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ. ಉದಾಹರಣೆಗೆ, ಒಣ ತೂಕ 12.40 ಗ್ರಾಂ, ನೀರಿನಲ್ಲಿ ಇಳಿಬಿಟ್ಟಾಗ 4.00 ಗ್ರಾಂ ಬಂದರೆ, ಉತ್ತರ 3.10.

ಲಾಜುಲೈಟ್‌ಗೆ ಸುಮಾರು 3.05ರಿಂದ 3.2ರವರೆಗಿನ ಸಂಖ್ಯೆ ಬರಬೇಕು. ಸೋಡಲೈಟ್ 2.3ರ ಆಸುಪಾಸು, ಬೆಣಚುಕಲ್ಲು 2.65, ಲ್ಯಾಪಿಸ್ ಹೆಚ್ಚಾಗಿ 2.7ರಿಂದ 2.9, ಕಯನೈಟ್ 3.5ರಿಂದ 3.7, ಅಜುರೈಟ್ 3.8ರ ಸುತ್ತ. ಸಂಖ್ಯೆ 3.2ಕ್ಕಿಂತ ಮೇಲೇರಿ, ಬಣ್ಣ ಗಾಢವಾಗಿದ್ದರೆ ಮೆಗ್ನೀಸಿಯಂ ಜಾಗದಲ್ಲಿ ಕಬ್ಬಿಣ ಹೆಚ್ಚಿರುವ ಸ್ಕೋರ್ಜಲೈಟ್ ಇರಬಹುದು. ಇದು ಲಾಜುಲೈಟ್‌ನ ಒಡಹುಟ್ಟು. ಇವೆರಡರ ನಡುವೆ ಪ್ರಕೃತಿ ಗೋಡೆ ಕಟ್ಟಿಲ್ಲ, ಒಂದು ಮೆಲ್ಲಗೆ ಇನ್ನೊಂದಾಗುತ್ತಾ ಹೋಗುತ್ತದೆ.

ಈ ಹಂತದಲ್ಲಿ ಮೂರು ಕಡೆ ಎಡವುತ್ತಾರೆ. ಕಲ್ಲಿಗೆ ಅಂಟಿದ ಗಾಳಿಗುಳ್ಳೆಗಳು ಸಂಖ್ಯೆಯನ್ನು ಕೆಳಗಿಳಿಸುತ್ತವೆ. ನೀರಿಗೆ ಒಂದು ಹನಿ ಸೋಪು ಹಾಕಿ, ಕಲ್ಲನ್ನು ಅಲುಗಿಸಿ ಗುಳ್ಳೆ ಬಿಡಿಸಿ. ಎರಡನೆಯದು ತಕ್ಕಡಿಯದು: ಎರಡು ಗ್ರಾಂನ ಲಾಜುಲೈಟ್ ಸರಿಸುವ ನೀರು ಸುಮಾರು 0.65 ಗ್ರಾಂ. ಅದನ್ನು 0.1 ಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ತೂಗಿದರೆ 0.6 ಅಥವಾ 0.7 ಬರುತ್ತದೆ, ಉತ್ತರ 3.3 ಅಥವಾ 2.9 ಆಗುತ್ತದೆ. ಅಂದರೆ ಪರೀಕ್ಷೆ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಬೆಣಚುಕಲ್ಲು ಅಂಟಿಕೊಂಡಿರುವ ತುಂಡನ್ನು ತೂಗಿದರೆ ಬರುವುದು ಎರಡರ ಸರಾಸರಿ. ಗಾತ್ರದಲ್ಲಿ ಅರ್ಧ ಬೆಣಚುಕಲ್ಲು, ಅರ್ಧ ಲಾಜುಲೈಟ್ ಇರುವ ಕಲ್ಲು 2.87ರ ಸುಮಾರಿಗೆ ಬಂದು ಲ್ಯಾಪಿಸ್‌ನಂತೆ ನಟಿಸುತ್ತದೆ. ಕಯನೈಟ್ ಬೆರೆತ ಬೆಣಚುಕಲ್ಲು ಸರಿಯಾಗಿ 3.1ಕ್ಕೆ ಬಂದು ಲಾಜುಲೈಟ್‌ನಂತೆ ನಟಿಸಬಲ್ಲದು. ಶುದ್ಧ ನೀಲಿ ಚೂರು ಸಿಗದಿದ್ದರೆ ಈ ಹಂತದ ಸಂಖ್ಯೆಯನ್ನು ತೀರ್ಪೆಂದು ತೆಗೆದುಕೊಳ್ಳಬೇಡಿ.

ಹಂತ 7: ಬೆಳಕಿನಲ್ಲಿ ತಿರುಗಿಸಿ

ಅಂಚಿನಲ್ಲಾದರೂ ಬೆಳಕು ಹಾಯುವ ಚೂರಿದ್ದರೆ ಸೊಗಸಾದ ಪರೀಕ್ಷೆಯೊಂದಿದೆ. ಲ್ಯಾಪ್‌ಟಾಪ್‌ನ ಎಲ್‌ಸಿಡಿ ಪರದೆಯಿಂದ ಹೊರಡುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ಪರದೆಯನ್ನು ಪೂರ್ತಿ ಬಿಳಿ ಮಾಡಿ, ಚೂರನ್ನು ಅದರೆದುರು ಹಿಡಿದು, ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗಿಸುತ್ತಾ ಲೆನ್ಸ್‌ನಲ್ಲಿ ನೋಡಿ. ಲಾಜುಲೈಟ್ ಕಣ ನೀಲಿಯಿಂದ ಬಹುತೇಕ ಬಣ್ಣವಿಲ್ಲದ ಸ್ಥಿತಿಗೆ, ಮತ್ತೆ ನೀಲಿಗೆ ಮರಳುತ್ತದೆ. ದಿಕ್ಕಿಗೆ ತಕ್ಕಂತೆ ಬಣ್ಣ ಬದಲಾಗುವ ಈ ಗುಣಕ್ಕೆ ಬಹುವರ್ಣತೆ ಎನ್ನುತ್ತಾರೆ. ಸೋಡಲೈಟ್ ಮತ್ತು ಲ್ಯಾಪಿಸ್‌ಗಳಲ್ಲಿ ಇದು ಇಲ್ಲ. ಒಂದು ದಿಕ್ಕಿನಲ್ಲಿ ಬದಲಾವಣೆ ಕಾಣದಿದ್ದರೆ ಚೂರನ್ನು ಮಗ್ಗುಲು ಬದಲಿಸಿ ಮತ್ತೊಮ್ಮೆ ನೋಡಿ. ಕಯನೈಟ್ ಮತ್ತು ಡುಮೋರ್ಟಿಯರೈಟ್‌ಗಳೂ ಬಣ್ಣ ಬದಲಿಸುತ್ತವೆ. ಅವುಗಳನ್ನು ಬೇರ್ಪಡಿಸುವ ಕೆಲಸ ಮೂರನೆಯ ಮತ್ತು ಐದನೆಯ ಹಂತಗಳದ್ದು.

ನೇರಳಾತೀತ ಟಾರ್ಚ್ ಇದ್ದವರು ಕತ್ತಲೆಯಲ್ಲಿ ಹಾಯಿಸಿ ನೋಡಬಹುದು. ಕಿತ್ತಳೆ ಬಣ್ಣದಲ್ಲಿ ಬೆಳಗಿದರೆ ಸೋಡಲೈಟ್ ಇರಬಹುದು. ಲಾಜುಲೈಟ್ ಸಾಮಾನ್ಯವಾಗಿ ಸುಮ್ಮನಿರುತ್ತದೆ.

ಹಂತ 8: ಪ್ರಯೋಗಾಲಯಕ್ಕೆ ಯಾವಾಗ ಹೋಗಬೇಕು

ಪಾರದರ್ಶಕವಾದ, ಮುಖ ಕತ್ತರಿಸಿದ ರತ್ನವನ್ನು ಲಾಜುಲೈಟ್ ಎಂದು ನಿಮಗೆ ಮಾರುತ್ತಿದ್ದರೆ ಮೇಲಿನ ಹಂತಗಳಲ್ಲಿ ಗೀರುವ ಪರೀಕ್ಷೆಯನ್ನು ಮಾಡುವಂತಿಲ್ಲ, ತೂಕದ ಪರೀಕ್ಷೆ ಸಾಲುವುದಿಲ್ಲ. ನೀಲಿ ಅಪಟೈಟ್ ಮತ್ತು ನೀಲಿ ಟೂರ್ಮಲಿನ್ ಎರಡರ ಸಾಂದ್ರತೆಯೂ 3.1ರ ಆಸುಪಾಸಿನಲ್ಲೇ ಇದೆ. ರತ್ನ ಪರೀಕ್ಷಕರು ವಕ್ರೀಭವನಮಾಪಕ ಎಂಬ ಉಪಕರಣದಲ್ಲಿ, ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆಂದು ಅಳೆಯುತ್ತಾರೆ. ಲಾಜುಲೈಟ್‌ನಲ್ಲಿ ಈ ಅಳತೆ 1.61ರಿಂದ 1.64ರವರೆಗೆ ಹರಡಿಕೊಂಡಿರುತ್ತದೆ, ಕೆಳಗಿನ ಮತ್ತು ಮೇಲಿನ ಅಳತೆಗಳ ಅಂತರ 0.03ಕ್ಕಿಂತ ತುಸು ಹೆಚ್ಚು. ಟೂರ್ಮಲಿನ್‌ನಲ್ಲಿ ಆ ಅಂತರ 0.02ರ ಸುಮಾರು, ಅಪಟೈಟ್‌ನಲ್ಲಿ ಅದಕ್ಕಿಂತಲೂ ಎಷ್ಟೋ ಕಡಿಮೆ. ಅಂತರ ನೋಡಿದೊಡನೆ ಗುರುತು ಹತ್ತುತ್ತದೆ. ಜೈಪುರ, ಮುಂಬೈಗಳಲ್ಲಿ ಹಳೆಯ ರತ್ನ ಪರೀಕ್ಷಾ ಕೇಂದ್ರಗಳಿವೆ, ಬೆಂಗಳೂರಿನಲ್ಲೂ ಪ್ರಯೋಗಾಲಯಗಳಿವೆ. ವರದಿ ಕೇಳುವಾಗ ‘ಅಸಲಿ ಕಲ್ಲು’ ಎಂಬಷ್ಟಕ್ಕೆ ಒಪ್ಪಬೇಡಿ. ಖನಿಜದ ಹೆಸರು, ಬಣ್ಣ ಹಾಕಿದೆಯೇ, ಅಂಟು ತುಂಬಿದೆಯೇ ಎಂಬ ಮೂರೂ ವಿವರ ಬರೆದುಕೊಡಲು ಹೇಳಿ.

ಆಭರಣವಲ್ಲದ ಒರಟು ಮಾದರಿಗೆ ರಾಮನ್ ರೋಹಿತ ಪರೀಕ್ಷೆ ಅನುಕೂಲಕರ. ಲೇಸರ್ ಕಿರಣ ತಾಗಿದಾಗ ಚದುರಿ ಬರುವ ಬೆಳಕಿನಿಂದ ಖನಿಜವನ್ನು ಗುರುತಿಸುವ ವಿಧಾನ ಇದು. ಕಲ್ಲಿಗೆ ಹಾನಿಯಿಲ್ಲ, ಬೆಣಚುಕಲ್ಲಿನಿಂದ ಬೇರ್ಪಡಿಸಬೇಕಾದ ಅಗತ್ಯವೂ ಇಲ್ಲ. ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗದವರನ್ನು ಕೇಳಿ ನೋಡಬಹುದು. ಕೇಳುವ ಮುನ್ನ ಹಿಂದಿನ ಏಳು ಹಂತಗಳ ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದು ಒಯ್ದರೆ ನಿಮ್ಮ ಮಾತಿಗೆ ಕಿವಿಗೊಡುವವರು ಹೆಚ್ಚು.

ಹಂತ 9: ಚೀಟಿ ಬರೆಯಿರಿ

ಕಲ್ಲಿನ ಜೊತೆ ಇರಬೇಕಾದ ಚೀಟಿಯಲ್ಲಿ ಸಿಕ್ಕ ಜಾಗ, ಸಿಕ್ಕ ಅಥವಾ ಕೊಂಡ ದಿನಾಂಕ, ಜೊತೆಯಲ್ಲಿದ್ದ ಖನಿಜಗಳು, ತೂಕ, ಸಾಂದ್ರತೆ, ಮಾಡಿದ ಪರೀಕ್ಷೆಗಳು ಇಷ್ಟೂ ಇರಲಿ. ಪ್ರಯೋಗಾಲಯದ ಖಚಿತತೆ ಇಲ್ಲದಿದ್ದರೆ ಖನಿಜದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಸಂಕೋಚ ಬೇಡ. ವಸ್ತುಸಂಗ್ರಹಾಲಯಗಳ ಚೀಟಿಗಳಲ್ಲೂ ಅದು ಇರುತ್ತದೆ. ಜಾಗ ತಿಳಿಯದಿದ್ದರೆ ‘ತಿಳಿದಿಲ್ಲ’ ಎಂದೇ ಬರೆಯಿರಿ. ಮಾರಾಟಗಾರರು ಬಾಯಿಮಾತಿನಲ್ಲಿ ಹೇಳಿದ ಊರನ್ನು ಬರೆಯುವುದಾದರೆ, ಅದು ಅವರು ಹೇಳಿದ್ದು ಎಂಬುದನ್ನೂ ಪಕ್ಕದಲ್ಲೇ ಸೇರಿಸಿ.